ಎರಡು ಟೆರಾಬೈಟಿನ ಹಗೇವು

ನಮ್ಮ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಡುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನನಗಲ್ಲ, ನನ್ನ ಮಾವನವರಿಗೆ. ಜೋಳದ ಚೀಲಕ್ಕೆ ಕಿವಿಯಿಟ್ಟು ಒಳಗೆ ನುಸಿ ಬಿದ್ದಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯ ಅವರು. ಒಂದು ಸಂಜೆ ಇಬ್ಬರೂ ಕೂತು ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದಾಗ ಮೇಜಿನ ಕೆಳಗಿನ ಅದರ ಡಬ್ಬಿಯತ್ತ ತಲೆ ಬಾಗಿಸಿ, "ಒಳಗ ಏನೋ ಕಡಿಯಾಕತ್ತೈತಿ ನೋಡವಾ, ಟಿಕ್ ಟಿಕ್ ಅಂತೈತಿ," ಎಂದರು.

"ಫ್ಯಾನ್ ಇರಬೇಕ್ರಿ ಮಾವಾರ," ಎಂದೆ, ನೋಡದೆಯೇ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಗೊತ್ತಿಲ್ಲದ್ದಕ್ಕೂ ತಟ್ಟನೆ ಉತ್ತರ ಕೊಡುವ ಚಟ ಆ ಕೆಲಸದಿಂದಲೇ ಹತ್ತಿದ್ದು.

ಫ್ಯಾನ್ ಆಗಿರಲಿಲ್ಲ. ಎರಡು ದಿನಗಳ ನಂತರ ಆಟ ಆಡುತ್ತಿದ್ದಂತೆಯೇ ಪರದೆ ನಿಂತುಹೋಯಿತು, ಮತ್ತೆ ಚಾಲೂ ಆಗಲು ಐದು ನಿಮಿಷ ಹಿಡಿಯಿತು. ಡಬ್ಬಿಯ ಬಾಗಿಲು ಬಿಚ್ಚಿ ಹಾರ್ಡ್ ಡಿಸ್ಕಿನ ಮೇಲೆ ಕೈಯಿಟ್ಟರೆ ಆ ಟಿಕ್ ಟಿಕ್ ಅಂಗೈಗೆ ತಾಗುತ್ತಿತ್ತು. ಆ ಕ್ಷಣವೇ ಕಂಪ್ಯೂಟರ್ ಬಂದ್ ಮಾಡಿದೆ. ಒಂದು ಹಳೇ ಡಿಸ್ಕಿಗೆ ಇಷ್ಟು ಗಾಬರಿ ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ಕೆಮ್ಮಿನ ಕಥೆ ಹೇಳಬೇಕು.

ಮದುವೆಯಾಗಿ ಶಲವಡಿಯ ಆಚೆಗಿನ ಈ ಊರಿಗೆ ಬಂದ ಮೇಲೆ ಹನ್ನೊಂದು ವರ್ಷ ಮಾವನವರಿಗೂ ನನಗೂ ಮಾತೇ ಇರಲಿಲ್ಲ. ಜಗಳವಾಗಿ ಅಲ್ಲ, ರೂಢಿಯಾಗಿ. ಅವರು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದೊಡನೆ ನಾನು ಕೂತಲ್ಲಿಂದ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು, ಗೋಡೆಗೆ ಒತ್ತಿ ನಿಲ್ಲಬೇಕು. ಆಮೇಲೆ ಅವರು ಒಳಗೆ ಬರುತ್ತಿದ್ದರು. ನಾನು ಮೂರು ಮೊಳ ದೂರದಲ್ಲೇ ನಿಂತಿದ್ದರೂ, "ಆಕಿಗೆ ಚಾ ಮಾಡಂತ ಹೇಳು," ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ನನ್ನತ್ತ ತಿರುಗಿ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದರು. ಶಾಲೆಯಲ್ಲಿ ಹೆಡ್ ಮಾಸ್ತರರಿಗೇ ಎದುರುತ್ತರ ಕೊಡುವ ನಾನು, ಮನೆಯಲ್ಲಿ ಎರಡೆರಡು ಸಲ ಕೇಳಿಸಿಕೊಂಡು ಚಹಾ ಮಾಡುತ್ತಿದ್ದೆ. ಸಿಟ್ಟು ಬರುತ್ತಿತ್ತು. ಆದರೆ ಯಾರ ಮೇಲೆ ಸಿಟ್ಟಾಗಬೇಕು? ಅವರು ಒಂದು ದಿನವೂ ಗಡುಸು ಮಾತಾಡಿದವರಲ್ಲ. ಮಾತೇ ಆಡಿರಲಿಲ್ಲವಲ್ಲ.

ಕಂಪ್ಯೂಟರನ್ನು ಪ್ರಶ್ನೆಪತ್ರಿಕೆ ಟೈಪು ಮಾಡಲು ಎಂದು ಹೇಳಿ ತಂದಿದ್ದೆ. ಪ್ರಶ್ನೆಪತ್ರಿಕೆಗೆ ಅಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಯಾಕೆ ಎಂದು ಕೇಳುವಷ್ಟು ತಿಳಿದವರು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಗಂಡನಿಗೆ ಮಾತ್ರ ಗೊತ್ತಿತ್ತು, ಹಾಸ್ಟೆಲಿನ ದಿನಗಳಿಂದ ನನಗೆ ಗೇಮಿನ ಹುಚ್ಚು ಇದೆ ಎಂದು. ಅವರು ಬಸ್ಸಿನ ಕಂಡಕ್ಟರ್; ಸಂಜೆ ಮನೆಯಲ್ಲಿ ಇರುವುದೇ ಅಪರೂಪ. ಹಾಗಾಗಿ ಶಾಲೆ ಬಿಟ್ಟು ಬಂದು, ಪಡಸಾಲೆಯ ಬಾಜೂಕಿನ ಕೋಣೆಯಲ್ಲಿ ಒಬ್ಬಳೇ ಕೂತು ಒಂದು ಒಕ್ಕಲುತನದ ಆಟ ಆಡುತ್ತಿದ್ದೆ. ಹೊಲ ಹರಗುವುದು, ಬಿತ್ತುವುದು, ಕೊಯ್ಯುವುದು, ಮಾರುವುದು. ಯಾವುದೋ ದೇಶದ ಹೊಲಗಳು, ಮನೆಯಷ್ಟು ಎತ್ತರದ ಟ್ರ್ಯಾಕ್ಟರುಗಳು.

ಒಂದು ಸಂಜೆ ಬಾಗಿಲಲ್ಲಿ ಕೆಮ್ಮು ಕೇಳಿತು. ನಾನು ರೂಢಿಯಂತೆ ಕುರ್ಚಿ ಬಿಟ್ಟು ಎದ್ದು ಗೋಡೆಗೆ ನಿಂತೆ. ಪರದೆಯ ಮೇಲೆ ನನ್ನ ಟ್ರ್ಯಾಕ್ಟರು ಮಾತ್ರ ನಿಲ್ಲಲಿಲ್ಲ, ಬಿತ್ತಿದ ಸಾಲುಗಳ ಮೇಲೆಯೇ ಹಾದು ಕಾಲುವೆಯತ್ತ ಹೊರಟಿತು. ಮಾವನವರು ಒಂದು ಕ್ಷಣ ನೋಡಿದರು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನೇರ ನನಗೇ ಮಾತಾಡಿದರು.

"ಏ ಕೂಡು ಕೂಡು! ಟ್ರ್ಯಾಕ್ಟರ್ ಗಟಾರಕ್ಕ ಹೊಂಟೈತಿ!"

ಕೂತೆ. ಅವರ ಎದುರಿಗೆ, ಕುರ್ಚಿಯ ಮೇಲೆ. ಮರುದಿನ ಅವರೇ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು ಬಾಜೂಕ್ಕೆ ಹಾಕಿಕೊಂಡರು. ವಾರ ಕಳೆಯುವಷ್ಟರಲ್ಲಿ ಬಾಗಿಲ ಕೆಮ್ಮು ನಿಂತಿತು. ಸೆರಗು ಹೆಗಲಿಗಿಳಿಯಿತು. ನಾವು ಆ ಬಗ್ಗೆ ಏನೂ ಮಾತಾಡಲಿಲ್ಲ. ಮಾತಾಡಲು ಬೇರೆ ಬಹಳ ಇತ್ತು. ಆ ಪರದೇಶದ ಹೊಲಗಳಿಗೆ ಅವರು ಹಳ್ಳದ ಹೊಲ, ಗುಡಿ ಹೊಲ, ಎರಡೆತ್ತಿನ ಪಟ್ಟಿ ಎಂದು ಹೆಸರಿಟ್ಟರು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆಟದಲ್ಲೂ ಸೋಮವಾರ ಟ್ರ್ಯಾಕ್ಟರು ಶೆಡ್ಡಿನಿಂದ ಹೊರಗೆ ತೆಗೆಯಲು ಬಿಡುತ್ತಿರಲಿಲ್ಲ. "ಅದು ಯಂತ್ರಾರಿ ಮಾವಾರ," ಎಂದರೆ, "ಓಡಸಾಕಿ ನೀನು ಮನಷ್ಯಾಳ ಹೌದಿಲ್ಲೋ," ಎನ್ನುವರು. ಸೋಮವಾರ ಇಬ್ಬರೂ ಸುಮ್ಮನೆ ಹೊಲಗಳನ್ನು ಸುತ್ತಾಡಿ ಬರುತ್ತಿದ್ದೆವು.

"ಮಾವ ಸೊಸಿ ಕೂಡಿ ಗಾಜಿನಾಗ ಬಿತ್ತಾಕತ್ತಾರ," ಎಂದು ಅತ್ತೆ ಅಡುಗೆಮನೆಯಿಂದಲೇ ಛೇಡಿಸುವರು. "ರಾಶಿ ಯಾವಾಗ ಬರ್ತೈತಿ ಹೇಳ್ರಿ, ಕಣಾ ಸಾರಿಸಿ ಇಡ್ತೇನಿ."

ನಾಲ್ಕು ವರ್ಷ ಹೀಗೆ ನಡೆಯಿತು. ಆ ನಾಲ್ಕು ವರ್ಷದ ಒಕ್ಕಲುತನವೆಲ್ಲ ಇದ್ದದ್ದು ಟಿಕ್ ಟಿಕ್ ಎನ್ನುತ್ತಿದ್ದ ಆ ಡಿಸ್ಕಿನ ಒಂದು ಫೋಲ್ಡರಿನಲ್ಲಿ. ಆಟ ಮತ್ತೆ ಹಾಕಿಕೊಳ್ಳಬಹುದು, ಹೊಲ ಮತ್ತೆ ಬರುವುದಿಲ್ಲ. ಹೊಲ ಹೋದರೆ ಬಾಜೂಕಿನ ಕುರ್ಚಿಯೂ ಹೋಗುತ್ತದೆ ಎಂಬುದೇ ನನ್ನ ಭಯ. ಬಾಗಿಲಲ್ಲಿ ಮತ್ತೆ ಆ ಕೆಮ್ಮು ಕೇಳಿದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಹೊಸ ಡಿಸ್ಕ್ ತರಬೇಕು, ಅಗ್ಗದ್ದೇ ತರಬೇಕು. ಕೈ ಬಿಗಿಯಾಗಿದ್ದ ಕಾಲ ಅದು. ಮೊಬೈಲು ಹಿಡಿದು ಹುಡುಕತೊಡಗಿದೆ. ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಕಡಿಮೆ ದರಕ್ಕೆ ಜಾಗ ಬಹಳ, ಆದರೆ ಆಟ ತೆರೆಯುವಷ್ಟರಲ್ಲಿ ಚಹಾ ಕುದಿದು ಸೋಸಿಯೂ ಆಗಿರುತ್ತದೆ. ಅಲ್ಲದೆ ನಮ್ಮೂರಿನ ಕರೆಂಟು ಹೋಗಿ ಬಂದು ಮಾಡುವ ಆಟಕ್ಕೆ ತಿರುಗುವ ತಟ್ಟೆ ಎಷ್ಟು ದಿನ ಬಾಳೀತು? ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲ ಮೆಮೊರಿ ಚಿಪ್‌ನಲ್ಲೇ ಇರುತ್ತದೆ, ಗುಂಡಿ ಒತ್ತಿದರೆ ಆಟ ಎದುರಿಗಿರುತ್ತದೆ. ಆದರೆ ಅದೇ ದರಕ್ಕೆ ಜಾಗ ಕಾಲು ಭಾಗ. ಯಾರೋ ಬಳಸಿ ಬಿಟ್ಟದ್ದೂ ಸಿಗುತ್ತಿತ್ತು. ಅದು ಎಷ್ಟು ತಾಸು ದುಡಿದಿದೆ ಎಂದು ನೋಡುವ ಸಾಫ್ಟ್‌ವೇರ್ ಇದೆ, ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳಿದಂತೆ. ಜಾಣತನದ ದಾರಿ ನನಗೆ ಗೊತ್ತಿತ್ತು: ಹೆಸರಿದ್ದ ಕಂಪನಿಯ ಸಣ್ಣದೊಂದು ಎಸ್‌ಎಸ್‌ಡಿ ಈಗ, ದೊಡ್ಡ ಡಿಸ್ಕ್ ಮುಂದೆ ಯಾವಾಗಾದರೂ.

ಅಷ್ಟರಲ್ಲಿ ಎಲ್ಲೂ ಹೆಸರು ಕೇಳದ ಕಂಪನಿಯ ಎರಡು ಟೆರಾಬೈಟಿನ ಎಸ್‌ಎಸ್‌ಡಿ ಕಣ್ಣಿಗೆ ಬಿತ್ತು. ದರ ಸಣ್ಣದಕ್ಕಿಂತಲೂ ಕಡಿಮೆ. ನಾನು ಅದನ್ನು ಒಂಬತ್ತನೇ ತರಗತಿಯಲ್ಲಿ ಅನುಪಾತದ ಲೆಕ್ಕವಾಗಿಯೇ ಬೋರ್ಡಿನ ಮೇಲೆ ಬರೆದೆ. ಒಂದು ಜಿಬಿಗೆ ಎಷ್ಟು ಬಿದ್ದಂತಾಯಿತು, ಯಾವುದು ಲಾಭ? ಇಡೀ ತರಗತಿ ಒಂದೇ ದನಿಯಲ್ಲಿ ಎರಡು ಟೆರಾಬೈಟಿನದು ಎಂದಿತು. ಲೆಕ್ಕ ಸರಿಯಾಗಿತ್ತು. ಲೆಕ್ಕಕ್ಕೆ ಕೊಟ್ಟ ಅಂಕಿ ಸುಳ್ಳಾಗಿದ್ದರೆ ಎಂದು ಯಾರೂ ಕೇಳಲಿಲ್ಲ, ನಾನು ಕಲಿಸಿಯೂ ಇರಲಿಲ್ಲ.

ಪಾರ್ಸೆಲ್ ಬಂದ ದಿನ ಮಾವನವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದರು. "ಎಷ್ಟ ಹಿಡಿತೈತಿ ಇದು? ಚೀಲದ ಲೆಕ್ಕದಾಗ ಹೇಳು."

"ಹಳೇದರಾಗ ಇಪ್ಪತ್ತ ಚೀಲ ಹಿಡಿತಿದ್ವು ಅಂದ್ರ, ಇದರಾಗ ಎಂಬತ್ತ ಚೀಲ್ರಿ."

"ಇಷ್ಟ ಹಗರದ್ದರಾಗ?" ಎಂದವರು ಹಗೇವಿನ ಮಾತು ತೆಗೆದರು. ನೆಲದಲ್ಲಿ ಬಾವಿಯಂತೆ ತೋಡಿ, ಸುತ್ತ ಒಣ ದಂಟಿನ ಕಣಿಕೆ ಕಟ್ಟಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುವುದು ಹಗೇವು. ಮೊದಲೆಲ್ಲ ನಮ್ಮ ಓಣಿಯಲ್ಲಿ ಯಾರ ಹಗೇವು ತೆಗೆಯಬೇಕಾದರೂ ಮಾವನವರನ್ನೇ ಕರೆಯುತ್ತಿದ್ದರು. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಒಳಗೆ ಇಳಿಬಿಡುವುದು, ಒಳಗಿನ ಕೆಟ್ಟ ಗಾಳಿಗೆ ದೀಪ ಆರದಿದ್ದರೆ ಮಾತ್ರ ತಾವು ಇಳಿಯುವುದು. ಈಗ ಆ ಹಗೇವುಗಳ ಮೇಲೆ ಕಾಂಕ್ರೀಟಿನ ರಸ್ತೆ ಬಂದಿದೆ. ಆದರೂ ನಡೆಯುವಾಗ ಅವರ ಕಾಲು ಆ ಜಾಗಗಳನ್ನು ತುಳಿಯದೆ ಬಳಸಿಕೊಂಡೇ ಹೋಗುತ್ತದೆ.

"ಒಮ್ಮೆ ತೆಗೆದ ಹಗೇವ ಅರ್ಧಾಕ್ಕ ಬಿಡಬಾರದವಾ," ಎಂದರು. "ಒಂದ ದಿನದಾಗ ಪೂರಾ ಖಾಲಿ ಮಾಡಿ, ಸ್ವಚ್ಛ ಉಡುಗಿಬಿಡಬೇಕು. ಇನ್ನ ಹೊಸಾದು ತೋಡಿದ್ವಿ ಅಂದ್ರ ಮೊದಲ ಜ್ವಾಳಾ ಹಾಕೂದಿಲ್ಲ. ಹೊಟ್ಟು ತುಂಬಿ, ಬಾಯಿ ಮುಚ್ಚಿ, ಒಂದ ಮಳಿಗಾಲ ಕಳದ ಮ್ಯಾಲೆ ತಗದ ನೋಡೂದು. ಹೊಟ್ಟು ಒಣಗಿದ್ದಂಗ ಇದ್ರ ನೆಲ ಖರೇ. ಬೀಜದ ಕಾಳಂತೂ ಹಗೇವಿಗೆ ಹಾಕೂದ ಇಲ್ಲ. ಅದು ಬ್ಯಾರೆ ಗಡಿಗ್ಯಾಗ, ಬೂದಿ ಕಲಸಿ."

"ಇದರಾಗ ಮಳಿ ನೀರ ಬರೂದಿಲ್ರಿ ಮಾವಾರ," ಎಂದು ನಕ್ಕೆ. ಅವರೂ ನಕ್ಕರು.

ಮುಂದೆ ನಾನು ಮಾಡಿದ್ದನ್ನು ಈಗ ಯೋಚಿಸಿದರೆ ನನಗೇ ಹೇಸಿಗೆ. ಹಿರಿಯರ ಮಾತಿನಲ್ಲಿ ನನಗೆ ಅನುಕೂಲವಾದದ್ದನ್ನಷ್ಟೇ ತೆಗೆದುಕೊಂಡೆ. ಭಾನುವಾರ ಮುಂಜಾನೆ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆ. ಆಟ ತೆರೆದು ನೋಡಿದರೆ ಹಳ್ಳದ ಹೊಲ, ಗುಡಿ ಹೊಲ ಎಲ್ಲ ಇದ್ದವು. ಅಷ್ಟಕ್ಕೇ ತೃಪ್ತಿಪಟ್ಟು, ಮಾವನವರು ಹೇಳಿದಂತೆ ಅದೇ ದಿನ ಹಳೆಯದನ್ನು ಉಡುಗಲು ಕೂತೆ. ಮೇಲೆ ಮೇಲೆ ಅಳಿಸುವ ಬಗೆಯಲ್ಲ, ಮೂಲೆ ಮೂಲೆಗೂ ಸೊನ್ನೆ ಬರೆದು ಸ್ವಚ್ಛ ಮಾಡುವ ಬಗೆ. ನಾಲ್ಕೈದು ತಾಸು ಟಿಕ್ ಟಿಕ್ ಎಂದ ಆ ಡಿಸ್ಕ್ ಇಳಿಹೊತ್ತಿಗೆ ಒಮ್ಮೆ ಕಿರ್ರೆಂದು ನಿಂತೇಹೋಯಿತು. ಪಾಪ, ತನ್ನ ಕೆಲಸ ಮುಗಿಸಿ ಹೋಯಿತು ಎಂದುಕೊಂಡೆ. ಹೊಟ್ಟು ಹಾಕಿ ನೋಡುವ ಮಾತು, ಬೀಜ ಬೇರೆ ಇಡುವ ಮಾತು, ಇವೆರಡೂ ನನ್ನ ತಲೆಯಲ್ಲೇ ಇರಲಿಲ್ಲ.

ಎಂಬತ್ತು ಚೀಲದ ಜಾಗ ಸಿಕ್ಕಿದ ಹುಮ್ಮಸ್ಸಿನಲ್ಲಿ ಮುಂದಿನ ವಾರಗಳಲ್ಲಿ ದೊಡ್ಡ ದೊಡ್ಡ ಆಟಗಳನ್ನು ತಂದು ತುಂಬಿದೆ. ಒಂದು ಸಂಜೆ ನಮ್ಮ ಒಕ್ಕಲುತನದ ಆಟ ತೆರೆಯಲು ಹೋದರೆ ಫೈಲು ಕೆಟ್ಟಿದೆ ಎಂದಿತು. ಇನ್ನೊಮ್ಮೆ ತೆರೆದೆ. ಅದೇ ಮಾತು. ಫೋಲ್ಡರಿನಲ್ಲಿ ಫೈಲುಗಳ ಹೆಸರು ಇದ್ದವು, ಒಳಗೆ ಏನೂ ಇರಲಿಲ್ಲ.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಎರಡು ಟೆರಾಬೈಟ್ ಎಂದು ಅದು ತೋರಿಸುತ್ತಿದ್ದದ್ದೇ ಸುಳ್ಳು. ಒಳಗೆ ಇದ್ದ ಜಾಗ ಚೂರೇ ಚೂರು. ಅದು ತುಂಬಿದ ಮೇಲೆ ಬಂದದ್ದನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗಿತ್ತು, ಎಲ್ಲ ಸರಿಯಾಗಿದೆ ಎನ್ನುತ್ತಲೇ. ಬುಡ ಎತ್ತರಿಸಿದ ಸೇರಿನಲ್ಲಿ ಅಳೆದು ಕೊಡುವ ವ್ಯಾಪಾರಿಯ ಮೋಸವೇ. ಮಾರಿದವನ ಪುಟ ಹುಡುಕಿದರೆ ಅದೂ ಮಾಯವಾಗಿತ್ತು. ಸ್ಕ್ರೂಡ್ರೈವರ್ ಹಾಕಿ ಅದರ ಹೊಟ್ಟೆ ಬಗೆದು ನೋಡಿದೆ. ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್, ಉಳಿದದ್ದೆಲ್ಲ ಖಾಲಿ.

ಆದರೆ ಆ ಸಂಜೆ ಇದ್ಯಾವುದೂ ನನಗೆ ತಿಳಿದಿರಲಿಲ್ಲ. ಮಾವನವರು ಎಂದಿನಂತೆ ಕೆಮ್ಮದೆ ಒಳಗೆ ಬಂದರು. ನಾನು ನನಗೇ ಅರಿವಿಲ್ಲದೆ ಎದ್ದು ನಿಂತಿದ್ದೆ, ಸೆರಗು ತಲೆಯ ಮೇಲಿತ್ತು. ಅವರು ಪರದೆ ನೋಡಲಿಲ್ಲ, ನನ್ನನ್ನು ನೋಡಿದರು.

"ಹ್ವಾದ್ವು ಮಾವಾರ. ಎಲ್ಲಾ ಹೊಲಾ ಹ್ವಾದ್ವು."

"ಪೂರಾ?"

"ಪೂರಾ ರಿ."

"ಹಳೇದರಾಗ?"

"ಅದನ್ನ ಅವತ್ತ ಉಡುಗಿಬಿಟ್ಟೀನ್ರಿ."

ಅವರ ಮುಖ ಸಣ್ಣದಾಯಿತು. ತಿರುಗಿ ಹೊರಗೆ ನಡೆದರು. ಮರುದಿನ ಸಂಜೆ ನಾನು ಹೊಸ ಆಟವೊಂದನ್ನು ತೆರೆದಿಟ್ಟು ಕಾದೆ. ಆ ಹೊತ್ತಿಗೆ ಪಡಸಾಲೆಯಲ್ಲಿ ಕೆಮ್ಮು ಕೇಳಿತು. ನನ್ನ ಕೋಣೆಯ ಬಾಗಿಲು ದಾಟಿ ಹಿತ್ತಲಿಗೆ ಹೋಗುತ್ತಿದ್ದರು, ಅಷ್ಟೇ. ಅವರು ಹೋದ ಮೇಲೆ ಬಾಜೂಕಿನ ಪ್ಲಾಸ್ಟಿಕ್ ಕುರ್ಚಿ ನೋಡಿ ನಾನು ಅತ್ತುಬಿಟ್ಟೆ; ಹಾಗೆ ನಾನು ತವರು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ.

ಒಂಬತ್ತು ದಿನ ಕೆಮ್ಮು ಕೇಳಿದೆ. "ಆಕಿಗೆ ನೀರ ಕೊಡಂತ ಹೇಳು" ಕೇಳಿದೆ. ಸಿಟ್ಟಾಗಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆಗುವುದು ನ್ಯಾಯವೇ. ಅತ್ತೆ ಮಾತ್ರ ರೊಟ್ಟಿ ಬಡಿಯುತ್ತ, "ಅಗ್ಗ ಅಂತ ಮುಗ್ಗಲ ಜ್ವಾಳಾ ತಂದ್ರಂತ," ಎಂದು ಒಂದೇ ಸಲ ಹೇಳಿ, ನನ್ನ ಮುಖ ನೋಡಿ ಮತ್ತೆ ಆ ಮಾತೆತ್ತಲಿಲ್ಲ.

ಹತ್ತನೆಯ ದಿನ ಊಟದ ಹೊತ್ತಿಗೆ ಮಾವನವರು ತಟ್ಟೆ ನೋಡುತ್ತಲೇ ಅತ್ತೆಗೆ ಹೇಳಿದರು. "ಆಕಿಗೆ ಹೇಳು. ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹುಬ್ಬಳ್ಳಿಗೆ ಹೋಗೂಣು ಅಂತ. ಆ ಡಿಸ್ಕ್ ತರಾಕ."

ಬಸ್ಸಿನಲ್ಲಿ ಅವರು ಹಿಂದೆ ಗಂಡಸರ ಕಡೆ, ನಾನು ಮುಂದೆ. ಕಿಟಕಿಯಾಚೆ ಕಡಲೆ ಕಿತ್ತು ಗುಡ್ಡೆ ಹಾಕಿದ ಹೊಲಗಳು. ಮೊದಲಾಗಿದ್ದರೆ ಯಾರ ಹೊಲದ ಕಾಳು ದಪ್ಪ, ಯಾರದು ಜೊಳ್ಳು ಎಂದು ನನಗೆ ಹೇಳುತ್ತಿದ್ದರು. ಇಳಿದ ಮೇಲೂ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಕಂಪ್ಯೂಟರ್ ಅಂಗಡಿ ಮಾರುಕಟ್ಟೆಯ ಓಣಿಯೊಂದರಲ್ಲಿ, ಮೆಟ್ಟಿಲು ಹತ್ತಿದರೆ ಮೇಲೆ. ಒಳಗೆ ಕೌಂಟರ್, ಅದರ ಮುಂದೆ ಗಿರಾಕಿಗೆಂದು ಒಂದೇ ಒಂದು ಕುರ್ಚಿ. ನಮ್ಮೂರಿನ ಗೊಬ್ಬರದ ಅಂಗಡಿಯವರೂ ಪ್ರಿಂಟರ್ ರಿಪೇರಿಗೆ ಬಂದು ಅಲ್ಲೇ ನಿಂತಿದ್ದರು. ಅವರನ್ನು ಕಂಡು ನಾನು ತಲೆಯ ಮೇಲಿನ ಸೆರಗು ಇನ್ನಷ್ಟು ಮುಂದೆಳೆದುಕೊಂಡು ಗೋಡೆಗೆ ಸರಿದೆ.

"ಬರ್ರಿ ಅಜ್ಜಾರ, ಕೂಡ್ರಿ. ಏನ್ ಕೊಡ್ಲಿ?" ಎಂದ ಅಂಗಡಿಯಾತ.

ಮಾವನವರು ಕೂಡಲಿಲ್ಲ. "ದೊಡ್ಡದು ಬ್ಯಾಡ. ಸಣ್ಣದ ಇರ್ಲಿ, ಖರೇದ್ದ ಇರ್ಲಿ. ಬೀಜಕ್ಕ ಇನ್ನೊಂದು ಕೊಡ್ರಿ, ಅಗದಿ ಸಣ್ಣದು."

"ಬೀಜಕ್ಕ?"

"ಪೆನ್ ಡ್ರೈವ್ ರಿ," ಎಂದೆ ನಾನು ಗೋಡೆಯಿಂದಲೇ. "ಬ್ಯಾರೆ ಒಂದು ಕಾಪಿ ಇಡಾಕ."

ಅಂಗಡಿಯಾತ ಹೆಸರಿದ್ದ ಕಂಪನಿಯದೊಂದು ಸಣ್ಣ ಎಸ್‌ಎಸ್‌ಡಿ ತೆಗೆದ. ಮೂರು ವರ್ಷದ ಗ್ಯಾರಂಟಿ, ಬಿಲ್ಲು ಸಹಿತ. ಮಾವನವರಿಗೆ ಅಷ್ಟು ಸಾಕಾಗಲಿಲ್ಲ. "ಹೊಟ್ಟು ತುಂಬಿ ತೋರಸ್ರಿ," ಎಂದರು. ಅವನು ನನ್ನ ಮುಖ ನೋಡಿದ. ಬರೀ ಕಸದ ಫೈಲುಗಳನ್ನು ತುದಿಯವರೆಗೆ ತುಂಬಿ, ಮತ್ತೆ ಎಲ್ಲವನ್ನೂ ಓದಿ ತಾಳೆ ನೋಡುವ ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿ ಎಂದೆ. ಒಂಬತ್ತು ದಿನ ಓದಿದ್ದು ವ್ಯರ್ಥವಾಗಿರಲಿಲ್ಲ.

"ಅರ್ಧಾ ತಾಸ ಹಿಡಿತೈತ್ರಿ," ಎಂದು ಅವನು ಗೊಣಗುತ್ತಲೇ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಪರದೆ ನಮ್ಮ ಕಡೆ ತಿರುಗಿಸಿದ. "ಕೂಡ್ರಿ ಅಜ್ಜಾರ, ನೋಡ್ಕೋತ ಕೂಡ್ರಿ."

"ನಾ ಏನ್ ನೋಡ್ಲಿ? ಆಕಿ ನೋಡ್ತಾಳ." ಮಾವನವರು ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು ನನ್ನ ಕಡೆ ತಿರುಗಿಸಿದರು. "ಕೂಡವಾ."

ಗೊಬ್ಬರದ ಅಂಗಡಿಯವರು ನೋಡುತ್ತಿದ್ದರು. ಸಂಜೆಯೊಳಗೆ ಊರೆಲ್ಲ ಇದು ಮಾತಾಗುವುದು ನನಗೂ ಗೊತ್ತಿತ್ತು, ಮಾವನವರಿಗೂ ಗೊತ್ತಿತ್ತು. "ಇರ್ಲಿ ಬಿಡ್ರಿ ಮಾವಾರ, ನಿಂತ ನೋಡ್ತೇನಿ," ಎಂದೆ.

"ಹಳೇದ ಉಡುಗು ಅಂತ ಹೇಳಿದಾಂವ ನಾನು," ಎಂದರು ಅವರು. ದನಿ ತಗ್ಗಿಸಲಿಲ್ಲ. "ಹೊಸಾದು ಖರೇ ಐತೋ ಇಲ್ಲೋ ನೋಡೂಮಟ ಹಳೇದ ಮುಟ್ಟಬ್ಯಾಡ ಅಂತ ಬಿಡಿಸಿ ಹೇಳಬೇಕಾಗಿತ್ತು, ಹೇಳ್ಲಿಲ್ಲ. ನಾಕ ವರ್ಷದ ನಿನ್ನ ದುಡಿಮಿ ನನ್ನ ಒಂದ ಮಾತಿಗೆ ಹೋತು. ಒಂಬತ್ತ ದಿನಾ ನಿನ್ನ ಮಾರಿ ನೋಡಾಕ ನಾಚಿಕಿ ಆತವಾ ನನಗ. ಕೂಡು."

ತಪ್ಪು ನನ್ನದೆಂದೇ ನಾನು ತಿಳಿದಿದ್ದೆ. ಒಂಬತ್ತು ದಿನ ಗೋಡೆಯ ಈಚೆ ನಾನು, ಆಚೆ ಅವರು, ಇಬ್ಬರೂ ಒಂದೇ ತಪ್ಪನ್ನು ಹೊತ್ತುಕೊಂಡು ಕೂತಿದ್ದೆವಲ್ಲ. ಕೂತೆ. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಬೆಳೆಯುತ್ತಿತ್ತು. ಮಾವನವರು ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತರು. ಅರ್ಧ ತಾಸು ಅಲ್ಲಾಡಲಿಲ್ಲ.

"ತುಂಬಾಕತ್ತೈತೇನು ಹೊಟ್ಟು?"

"ತುಂಬಾಕತ್ತೈತ್ರಿ. ಎಲ್ಲೂ ತಪ್ಪಿಲ್ಲ."

ಬಗ್ಗಿ ನೋಡುವಾಗ ಸೆರಗು ಜಾರಿ ಹೆಗಲಿಗೆ ಬಿತ್ತು. ಎಳೆದುಕೊಳ್ಳಲು ಕೈ ತಾನಾಗಿಯೇ ಮೇಲೆದ್ದಿತು.

"ಇರ್ಲಿ ಬಿಡು," ಎಂದರು ಮಾವನವರು. "ನಾಳಿ ಇದನ್ನ ಕೂಡಸೂಣು. ನಾಡಿದ್ದ ಸೋಮವಾರ, ಎತ್ತ ಹೂಡೂದಿಲ್ಲ. ಮಂಗಳವಾರ ಹೊಸಾ ಹೊಲಾ ಹರಗಾಕ ಸುರು ಮಾಡೂಣು."